ಕಲೆ ಬಿದ್ದ ಡಯಲನ್ನು ಎಸೆಯಬೇಡಿ

ಆಗುಂಬೆ ಇರುವುದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಹುಲಿಕಲ್ ಇರುವುದು ಹೊಸನಗರ ತಾಲ್ಲೂಕಿನಲ್ಲಿ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಊರುಗಳಿವು. ಸಾಗರ ತಾಲ್ಲೂಕಿನ ಪಶ್ಚಿಮದ ಹಳ್ಳಿಗಳಲ್ಲೂ ಮಳೆಗಾಲವೆಂದರೆ ಅಂಗಳಕ್ಕೆ ಕಾಲಿಡಲಾಗದ ಕಾಲ. ಜೂನ್‌ನಲ್ಲಿ ಮಳೆ ಹಿಡಿದರೆ ಪುಸ್ತಕದ ರಟ್ಟಿಗೆ ಬೂಷ್ಟು ಬರುತ್ತದೆ, ಬಾಗಿಲ ಚಿಲಕಕ್ಕೆ ತುಕ್ಕು ಹಿಡಿಯುತ್ತದೆ, ಕಪಾಟಿನಲ್ಲಿಟ್ಟ ಹಳೆಯ ಕೈಗಡಿಯಾರದ ಒಳಗೂ ತೇವ ಸೇರುತ್ತದೆ. ಅಂಥ ಗಡಿಯಾರ ಮಲೆನಾಡಿನ ಬಹಳಷ್ಟು ಮನೆಗಳಲ್ಲಿದೆ. ಅಜ್ಜನೋ ಅಪ್ಪನೋ ಕಟ್ಟಿಕೊಳ್ಳುತ್ತಿದ್ದ ಕೀ ಕೊಡುವ ಎಚ್‌ಎಂಟಿ ಅದು. ಡಯಲಿನ ಮೇಲೆ ಕಂದು ಚುಕ್ಕೆ ಎದ್ದಿರುತ್ತದೆ, ಅಂಚು ಕಪ್ಪಾಗಿರುತ್ತದೆ, ಮುಳ್ಳು ಅಲ್ಲೇ ನಿಂತಿರುತ್ತದೆ. ಮೊಮ್ಮಗನೊಬ್ಬ ಅದನ್ನು ರಿಪೇರಿಗೆ ಒಯ್ದಾಗ ಸಾಮಾನ್ಯವಾಗಿ ಸಿಗುವ ಸಲಹೆ ಒಂದೇ: ಡಯಲ್ ಹಾಳಾಗಿದೆ, ಹೊಸದು ಹಾಕಿಸಿ. ಹೊಸದು ಹಾಕಿದ ಮೇಲೆ ವಾಚು ಫಳಫಳ ಹೊಳೆಯುತ್ತದೆ. ಅದರ ಮೇಲೆ ಎಚ್‌ಎಂಟಿ ಎಂಬ ಹೆಸರೂ ಇರುತ್ತದೆ. ಆದರೆ ಆ ಡಯಲನ್ನು ಎಚ್‌ಎಂಟಿ ಮಾಡಿರುವುದಿಲ್ಲ. ಇಂಥ ಗಡಿಯಾರದ ಗುಣದೋಷವನ್ನು ಹೇಗೆ ಅಳೆಯಬೇಕು, ಯಾವ ದೋಷವನ್ನು ಸರಿಪಡಿಸಬಹುದು, ಯಾವುದನ್ನು ಸರಿಪಡಿಸಲು ಹೋಗಬಾರದು ಎಂಬುದೇ ಈ ಹೊತ್ತಿನ ಮಾತು.

ಎಚ್‌ಎಂಟಿ ಎಂಬ ಸರ್ಕಾರಿ ಉದ್ಯಮ ಬೆಂಗಳೂರಿನ ಜಾಲಹಳ್ಳಿಯಲ್ಲಿ ಶುರುವಾದದ್ದು 1953ರಲ್ಲಿ, ಯಂತ್ರೋಪಕರಣ ತಯಾರಿಕೆಗೆಂದು. ಕೈಗಡಿಯಾರದ ಕಾರ್ಖಾನೆ ಬಂದದ್ದು 1961ರಲ್ಲಿ, ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ. ಮುಂದೆ ತುಮಕೂರಿನಲ್ಲೂ ಒಂದು ಕಾರ್ಖಾನೆ ಎದ್ದಿತು. ಜನತಾ, ಪೈಲಟ್, ಸೋನಾ, ಕಾಂಚನ್, ಕೊಹಿನೂರ್ ಎಂಬ ಮಾದರಿಗಳು ದೇಶದ ಮೂಲೆ ಮೂಲೆಗೂ ಹೋದವು. ಅಡಿಕೆ ಕೊಯ್ಲು ಮುಗಿದು ಕೈಗೆ ಹಣ ಬಂದ ವರ್ಷ ಕೊಳ್ಳುವ ವಸ್ತು ಅದು, ಮದುವೆಯಲ್ಲಿ ಅಳಿಯನಿಗೆ ಕೊಡುವ ವಸ್ತು. ಆ ಕಾಲದ ಮಲೆನಾಡಿನ ಮಧ್ಯಮ ಮನೆಗೆ ಅದು ನಿಜವಾಗಿಯೂ ಐಷಾರಾಮವೇ. ಇನ್ನೊಂದು ನಂಟನ್ನೂ ಇಲ್ಲಿ ನೆನೆಯಬೇಕು. ಜೋಗದ ವಿದ್ಯುದಾಗಾರ ಕೆಲಸ ಶುರುಮಾಡಿದ್ದು 1948ರಲ್ಲಿ, ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಬೆಂಗಳೂರಿನ ಕಾರ್ಖಾನೆಗಳು ಬೆಳೆದ ಆ ದಶಕಗಳಲ್ಲಿ ರಾಜ್ಯಕ್ಕೆ ಬೆಳಕು ಕೊಟ್ಟದ್ದು ಶರಾವತಿ. ಅದಕ್ಕಾಗಿ ಗದ್ದೆ, ತೋಟ, ಮನೆ ಮುಳುಗಿಸಿಕೊಂಡು ಎದ್ದು ಹೋದವರು ಸಾಗರ ಮತ್ತು ಹೊಸನಗರ ತಾಲ್ಲೂಕಿನವರು. ಹಾಗಾಗಿ ಎಚ್‌ಎಂಟಿ ಗಡಿಯಾರ ಬೆಂಗಳೂರಿನ ವಸ್ತು ಎಂದು ನಾನು ಎಣಿಸುವುದಿಲ್ಲ. ಅದರಲ್ಲಿ ಈ ಕಡೆಯವರ ಪಾಲೂ ಇದೆ.

ಈಗ ಅಸಲಿ ಯಾವುದು, ನಕಲಿ ಯಾವುದು ಎಂಬ ಮಾತಿಗೆ ಬರುತ್ತೇನೆ. ಜನತಾ ಮತ್ತು ಪೈಲಟ್ ಗಡಿಯಾರಗಳ ಒಳಗಿರುವ ಮೆಷಿನಿಗೆ 0231 ಎಂದು ಹೆಸರು. 17 ಕಲ್ಲಿನ, ಕೈಯಿಂದ ಕೀ ಕೊಡುವ, ಗಂಟೆಗೆ 18,000 ಸಲ ಮಿಡಿಯುವ ಯಂತ್ರ ಅದು. ಅದರ ವಿನ್ಯಾಸ ಹುಟ್ಟಿದ್ದು ಸಿಟಿಜನ್ ಕಂಪನಿಯಲ್ಲಿ. ಅಂದರೆ ನಾವು ಅಸಲಿ ಎಂದು ಎದೆ ತಟ್ಟಿ ಹೇಳುವ ಎಚ್‌ಎಂಟಿ ಕೂಡ ಯಂತ್ರದ ಮಟ್ಟಿಗೆ ಒಂದು ಪ್ರತಿಯೇ. ಆದರೂ ಯಾರೂ ಅದನ್ನು ನಕಲಿ ಎಂದು ಕರೆಯಲಿಲ್ಲ, ಕರೆಯಬೇಕಾಗಿಯೂ ಇರಲಿಲ್ಲ. ಯಾಕೆಂದರೆ ಒಪ್ಪಂದ ಮಾಡಿಕೊಂಡು, ವಿದ್ಯೆ ಕಲಿತು, ತನ್ನ ಹೆಸರನ್ನು ತಾನೇ ಅಚ್ಚು ಹಾಕಿ, ಕೆಟ್ಟರೆ ತಾನೇ ರಿಪೇರಿ ಮಾಡಿಕೊಡುತ್ತೇನೆ ಎಂದು ನಿಂತ ಸಂಸ್ಥೆ ಅದರ ಹಿಂದೆ ಇತ್ತು. ಇದರಿಂದ ತಿಳಿಯುವುದೇನು? ಇನ್ನೊಬ್ಬರ ಯಂತ್ರದ ಹಾಗೆ ಯಂತ್ರ ಮಾಡುವುದರಲ್ಲಿ ದೋಷವಿಲ್ಲ. ಹೆಸರು ಹಾಕಿದವನೇ ಆ ಹೆಸರಿಗೆ ಜವಾಬುದಾರನಾಗಿದ್ದಾನೆಯೇ ಎಂಬುದರ ಮೇಲೆ ಅಸಲಿ ನಕಲಿಗಳು ನಿಲ್ಲುತ್ತವೆ. ಗುಣಮಟ್ಟದ ಪರೀಕ್ಷೆಯನ್ನೂ ನಾವು ಅಲ್ಲಿಂದಲೇ ಶುರುಮಾಡಬೇಕು.

2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚುವ ತೀರ್ಮಾನಕ್ಕೆ ಒಪ್ಪಿಗೆ ಕೊಟ್ಟಿತು. ತುಮಕೂರಿನ ಕಾರ್ಖಾನೆಯ ಜಾಗ ಮುಂದೆ ಇಸ್ರೋ ಕೈಗೆ ಹೋಯಿತು. ಕ್ವಾರ್ಟ್ಜ್ ಗಡಿಯಾರಗಳು ಬಂದ ಮೇಲೆ ಮೂಲೆ ಸೇರಿದ್ದ ಹಳೆಯ ಎಚ್‌ಎಂಟಿಗಳಿಗೆ, ಇನ್ನು ಸಿಗುವುದಿಲ್ಲ ಎಂದು ಗೊತ್ತಾದ ಕೂಡಲೇ ಬೇಡಿಕೆ ಎದ್ದಿತು. ಬೇಡಿಕೆ ಎದ್ದಲ್ಲಿ ವ್ಯಾಪಾರ ಬೆಳೆಯದೆ ಇರುವುದಿಲ್ಲ. ಹಳೆಯ ಮೆಷಿನುಗಳನ್ನು ರಾಶಿಗಟ್ಟಲೆ ಕೊಂಡು, ಹೊಸದಾಗಿ ಬಣ್ಣ ಬಳಿದು ಹೆಸರು ಅಚ್ಚು ಹಾಕಿದ ಡಯಲ್ ಕೂರಿಸಿ, ಬೇರೆ ಬೇರೆ ಗಡಿಯಾರಗಳ ಮುಳ್ಳು, ಪೆಟ್ಟಿಗೆ, ಹಿಂಬದಿ ಮುಚ್ಚಳ ಸೇರಿಸಿ ಒಂದು ವಾಚು ಕಟ್ಟುವ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಹಳೆಯ ಗಡಿಯಾರ ಸಂಗ್ರಹಿಸುವವರು ಇಂಥದ್ದನ್ನು ಮುಂಬೈ ಸ್ಪೆಷಲ್ ಎನ್ನುತ್ತಾರೆ. ಕಣ್ಣು ಕುಕ್ಕುವ ಕಿತ್ತಳೆ, ಗಿಳಿಹಸಿರು ಬಣ್ಣಗಳಲ್ಲಿ ಪೈಲಟ್ ಎಂದು ಬರೆದುಕೊಂಡು ಅವು ಬರುತ್ತವೆ. ಊರಿನ ರಿಪೇರಿ ಅಂಗಡಿಗಳು ಕೊಳ್ಳುವ ಬಿಡಿ ಡಯಲುಗಳೂ ಇದೇ ಜಾಲದವು.

ಇಂಥ ಡಯಲನ್ನು ಗುರುತಿಸುವುದು ಈ ಸೀಮೆಯವರಿಗೆ ಕಷ್ಟದ ವಿದ್ಯೆಯಾಗಬಾರದು. ಸರಕು, ಬೆಟ್ಟೆ, ರಾಶಿ ಇಡಿ, ಗೊರಬಲು ಎಂದು ಅಡಿಕೆಯನ್ನು ಕೈಯಲ್ಲಿ ಹಿಡಿದೇ ವಿಂಗಡಿಸುವವರು, ಬಣ್ಣ ಕೊಟ್ಟ ಅಡಿಕೆಯನ್ನು ಕತ್ತರಿಸಿ ನೋಡಿ ಹೇಳುವವರು ಇಲ್ಲಿದ್ದಾರೆ. ಅದೇ ಕಣ್ಣು ಇಲ್ಲಿಯೂ ಸಾಕು, ಜೊತೆಗೆ ಒಂದು ಭೂತಗನ್ನಡಿ ಇರಲಿ. ಮೊದಲು ಡಯಲಿನ ಅಕ್ಷರಗಳನ್ನು ನೋಡಿ. ಕಾರ್ಖಾನೆಯ ಅಚ್ಚಿನಲ್ಲಿ ಅಕ್ಷರದ ಅಂಚು ಚೂಪಾಗಿರುತ್ತದೆ, ಮಸಿಯ ದಪ್ಪ ಎಲ್ಲ ಕಡೆ ಒಂದೇ ಸಮ. ಮರುಬಣ್ಣದ ಡಯಲಿನಲ್ಲಿ ಮಸಿ ಅಲ್ಲಲ್ಲಿ ಉಬ್ಬಿ ಅಕ್ಷರದ ಕಾಲು ಹರಡಿಕೊಂಡಿರುತ್ತದೆ, ನಿಮಿಷದ ಗೆರೆಗಳು ಕೆಲವು ಕಡೆ ಒತ್ತಾಗಿ ಕೆಲವು ಕಡೆ ಬಿಡಿಯಾಗಿ ಕಾಣುತ್ತವೆ. 12ರ ಗೆರೆ ಹೆಸರಿನ ನಡುಮಧ್ಯಕ್ಕೆ ನಿಲ್ಲದೆ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿರುತ್ತದೆ. ಆಮೇಲೆ ಮುಳ್ಳುಗಳು. ನಿಮಿಷದ ಮುಳ್ಳು ನಿಮಿಷದ ಗೆರೆಯವರೆಗೆ ಮುಟ್ಟಬೇಕು. ಗಿಡ್ಡವಾಗಿದ್ದರೆ ಅದು ಬೇರೊಂದು ಗಡಿಯಾರದಿಂದ ಬಂದದ್ದು. ಕತ್ತಲಲ್ಲಿ ಅಂಕಿ ಜೋರಾಗಿ ಹೊಳೆದು ಮುಳ್ಳು ಹೊಳೆಯದಿದ್ದರೆ ಎರಡರ ವಯಸ್ಸು ಬೇರೆ ಎಂದಾಯಿತು. ಕೊನೆಗೆ ಒಳಭಾಗ. ಅಸಲಿ ಡಯಲಿನ ಬೆನ್ನಿಗೆ ಎರಡು ಪುಟ್ಟ ಕಾಲುಗಳಿದ್ದು ಅವು ಮೆಷಿನಿನ ತೂತಿಗೆ ಇಳಿದು ಕೂರುತ್ತವೆ. ಕಾಲು ಮುರಿದ ಅಥವಾ ಹೊಂದದ ಡಯಲನ್ನು ಅಂಟು ಹಾಕಿ ಕೂರಿಸಿರುತ್ತಾರೆ. ಆ ಅಂಟು ನಮ್ಮ ಮಳೆಗಾಲದ ಶೈತ್ಯಕ್ಕೆ ಸಡಿಲವಾದರೆ ಡಯಲ್ ಜರುಗುತ್ತದೆ, ಮುಳ್ಳು ಡಯಲಿಗೆ ಉಜ್ಜುತ್ತದೆ, ಗಡಿಯಾರ ಆಗಾಗ ನಿಲ್ಲುತ್ತದೆ. ನೋಟದ ದೋಷ ಓಟದ ದೋಷವಾಗುವುದು ಹೀಗೆ.

ಓಟದ ದೋಷಗಳ ಮಾತು ಬೇರೆ. ಅವುಗಳಲ್ಲಿ ಬಹುಪಾಲನ್ನು ಸರಿಪಡಿಸಬಹುದು, ಸರಿಪಡಿಸಬೇಕು. ಒಂದು ದಿನಕ್ಕೆ 86,400 ಸೆಕೆಂಡ್. ಹತ್ತು ಸಾವಿರದಲ್ಲಿ ಒಂದು ಪಾಲು ತಪ್ಪಿದರೂ ದಿನಕ್ಕೆ ಎಂಟೂವರೆ ಸೆಕೆಂಡ್ ಏರುಪೇರು. ಹಳೆಯ ಎಚ್‌ಎಂಟಿಯೊಂದು ಸರ್ವಿಸ್ ಆದ ಮೇಲೆ ದಿನಕ್ಕೆ ಅರ್ಧ ನಿಮಿಷದ ಒಳಗೆ ನಡೆದರೆ ನಾನು ಅದನ್ನು ಒಳ್ಳೆಯ ಸ್ಥಿತಿಯ ಗಡಿಯಾರ ಎನ್ನುತ್ತೇನೆ. ದಿನಕ್ಕೆ ಐದಾರು ನಿಮಿಷ ಮುಂದೆ ಓಡುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಬ್ಯಾಲೆನ್ಸ್ ಚಕ್ರವನ್ನು ಮಿಡಿಸುವ ಹೇರ್‌ಸ್ಪ್ರಿಂಗ್ ಎಂಬ ಎಳೆಗೆ ಹಿಡಿದ ಅಯಸ್ಕಾಂತವನ್ನು. ಸ್ಪೀಕರಿನ ಪಕ್ಕ, ಮೊಬೈಲಿನ ಪಕ್ಕ ಇಟ್ಟರೂ ಹಿಡಿಯಬಹುದು. ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡು, ಮಿಡಿಯುವ ಭಾಗ ಗಿಡ್ಡವಾಗಿ ವೇಗ ಹೆಚ್ಚುತ್ತದೆ. ಅದನ್ನು ತೆಗೆಯುವ ಪುಟ್ಟ ಉಪಕರಣ ಅಗ್ಗದ್ದು, ಕೆಲಸ ಒಂದು ನಿಮಿಷದ್ದು. ಗಡಿಯಾರ ಹಿಂದೆ ಬೀಳುತ್ತಿದ್ದರೆ ಸಾಮಾನ್ಯವಾಗಿ ಎಣ್ಣೆ ಒಣಗಿರುತ್ತದೆ. ಬ್ಯಾಲೆನ್ಸ್ ಚಕ್ರ ಎಷ್ಟು ಅಗಲಕ್ಕೆ ತೂಗುತ್ತದೆ ಎಂಬುದನ್ನು ಟಿಕ್ ಸದ್ದಿನಿಂದಲೇ ಅಳೆಯುವ ಯಂತ್ರಗಳಿವೆ. ಪೂರ್ತಿ ಕೀ ಕೊಟ್ಟು ಡಯಲ್ ಮೇಲಾಗಿಸಿ ಮಲಗಿಸಿದಾಗ ಆ ತೂಗು 270 ಡಿಗ್ರಿಯ ಆಸುಪಾಸು ಇದ್ದರೆ ಆರೋಗ್ಯ, 200ಕ್ಕಿಂತ ಇಳಿದರೆ ಕಾಯಿಲೆ. ಮದ್ದು ಒಂದೇ: ಮೆಷಿನನ್ನು ಪೂರ್ತಿ ಬಿಚ್ಚಿ, ತೊಳೆದು, ಒಣಗಿಸಿ, ಸೂಕ್ಷ್ಮ ಅಚ್ಚುಗಳಿಗೆ ತೆಳು ಎಣ್ಣೆ, ಮುಖ್ಯ ಸ್ಪ್ರಿಂಗಿಗೂ ಕೀ ಭಾಗಕ್ಕೂ ದಪ್ಪ ಗ್ರೀಸ್ ಮುಟ್ಟಿಸಿ ಮತ್ತೆ ಜೋಡಿಸುವುದು. ಮೇಲಿನಿಂದ ಪೆಟ್ರೋಲ್ ಹಾಯಿಸಿ ಒಂದು ತೊಟ್ಟು ಎಣ್ಣೆ ಬಿಡುವುದನ್ನು ಸರ್ವಿಸ್ ಎನ್ನಲಾಗದು. ಕರಗಿದ ಕೊಳೆ ಹೋಗಿ ಕಲ್ಲಿನ ತೂತಿನಲ್ಲೇ ಕೂರುತ್ತದೆ. ಗ್ಲಾಸು ಅಕ್ರಿಲಿಕ್ ಆದ್ದರಿಂದ ಅದರ ಗೀರನ್ನು ಉಜ್ಜಿ ತೆಗೆಯಬಹುದು. ಆದರೆ ಹಿತ್ತಾಳೆ ಪೆಟ್ಟಿಗೆಯ ಕ್ರೋಮ್ ಲೇಪ ಬೆವರಿಗೆ ತಿಂದುಹೋಗಿದ್ದರೆ ಉಜ್ಜಿದಷ್ಟೂ ಒಳಗಿನ ಹಳದಿ ಹೊರಬರುತ್ತದೆ, ಹಾಗೇ ಬಿಡುವುದು ಮೇಲು.

ಮಲೆನಾಡಿನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ದೋಷ ನೀರಿನದು. ಬೇರೆ ಬೇರೆ ಭಾಗ ಸೇರಿಸಿ ಕಟ್ಟಿದ ವಾಚುಗಳ ಹಿಂಬದಿಯಲ್ಲಿ ನೀರು ತಡೆಯುತ್ತದೆ ಎಂದು ಕೊರೆದಿದ್ದರೂ ಅದು ಬೇರೊಂದು ಗಡಿಯಾರದ ಮುಚ್ಚಳದ ಮಾತಾಗಿರಬಹುದು. ಮುಚ್ಚಳದ ರಬ್ಬರ್ ಬಳೆ ಒಣಗಿ ಬಿರಿದಿದ್ದರೆ, ಕೀ ಹೊಂದದೆ ಸಡಿಲವಾಗಿದ್ದರೆ, ಗ್ಲಾಸು ಅಳತೆಗೆ ಬಿಗಿಯಾಗಿ ಕೂರದಿದ್ದರೆ ಜುಲೈ ತಿಂಗಳ ಗಾಳಿಯೇ ಸಾಕು, ನೀರಿನಲ್ಲಿ ಅದ್ದಬೇಕಿಲ್ಲ. ಗ್ಲಾಸಿನ ಒಳಗೆ ಮಂಜು ಕಟ್ಟಿತೆಂದರೆ ಮೊದಲು ತುಕ್ಕು ಹಿಡಿಯುವುದು ಕೀ ಕೂರುವ ಉಕ್ಕಿನ ಕಡ್ಡಿಗೆ. ಡಯಲಿನ ಕಲೆ ಕಾಣಿಸುವ ಹೊತ್ತಿಗೆ ಅಲ್ಲಿ ತುಕ್ಕು ಆಗಲೇ ಮನೆ ಮಾಡಿರುತ್ತದೆ. ಹೀಗಿರುವಾಗ ಡಯಲ್ ಬದಲಿಸಿ ಕಡ್ಡಿಯನ್ನೂ ಬಳೆಯನ್ನೂ ಹಾಗೇ ಬಿಟ್ಟರೆ ಸರಿಯಾದದ್ದೇನು? ರೋಗದ ಗುರುತು ಅಳಿಸಿತು, ರೋಗ ಉಳಿಯಿತು. ಕಲೆ ಬಿದ್ದ ಡಯಲ್ ಗಡಿಯಾರದ ಓಟಕ್ಕೆ ಯಾವ ತೊಂದರೆಯನ್ನೂ ಕೊಡುವುದಿಲ್ಲ. ಅದು ಚಲಿಸದ, ಸವೆಯದ ಭಾಗ. ಒಳಗೆ ತೇವ ಬಂದಿತ್ತು ಎಂದು ಸಾಕ್ಷಿ ಹೇಳುವ ಭಾಗವೂ ಅದೇ. ಹಳೆಯ ಗಡಿಯಾರದಲ್ಲಿ ನಾವು ಹಣ ಸುರಿಯುವುದು ಕಾಣುವ ದೋಷಕ್ಕೆ, ಕೈಬಿಡುವುದು ಕಾಣದ ದೋಷವನ್ನು. ಈ ಲೆಕ್ಕ ತಿರುಗಬೇಕು ಎಂಬುದು ನನ್ನ ವಾದ.

ಇದಕ್ಕೆ ಆಕ್ಷೇಪಗಳಿವೆ, ಅವು ಹಗುರವಾದವೂ ಅಲ್ಲ. ಕಾರ್ಖಾನೆಯೇ ಮುಚ್ಚಿದೆ, ಅಸಲಿ ಬಿಡಿಭಾಗ ಎಲ್ಲಿಂದ ತರುವುದು ಎಂದು ರಿಪೇರಿಯವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಮುಖ್ಯ ಸ್ಪ್ರಿಂಗ್, ಕೀ, ಕಡ್ಡಿ, ಗ್ಲಾಸು ಇವೆಲ್ಲ ಸವೆಯುವ ವಸ್ತುಗಳು. ಅಳತೆಗೆ ಹೊಂದುವ ಬೇರೆಯವರ ತಯಾರಿಕೆಯನ್ನು ಹಾಕಿದರೆ ಯಾರಿಗೂ ಮೋಸವಿಲ್ಲ, ಏಕೆಂದರೆ ಆ ಭಾಗಗಳು ಯಾರ ಹೆಸರನ್ನೂ ಹೊತ್ತು ಮಾತಾಡುವುದಿಲ್ಲ. ಡಯಲ್ ಮಾತಾಡುತ್ತದೆ. ಅದಕ್ಕೇ ಅದರ ವಿಚಾರದಲ್ಲಿ ನಿಯಮ ಬಿಗಿ ಇರಬೇಕು. ಹಳೆಯ ಇನ್ನೊಂದು ಎಚ್‌ಎಂಟಿಯಿಂದ ತೆಗೆದ ಡಯಲ್ ಆಗಬಹುದು, ಹೆಸರೇ ಇಲ್ಲದ ಡಯಲ್ ಕೂಡ ಆಗಬಹುದು. ಮಾಡದವನ ಹೆಸರು ಹೊತ್ತ ಡಯಲ್ ಆಗದು. ನನ್ನ ಗಡಿಯಾರ, ನನ್ನ ಕೈ, ಚಂದ ಕಾಣಲಿ ಎಂದರೆ ನಿಮಗೇನು ಎಂದು ಕೊಳ್ಳುವವರು ಕೇಳಬಹುದು. ಕಟ್ಟಿಕೊಳ್ಳುವವರ ಇಷ್ಟವನ್ನು ನಾನು ಪ್ರಶ್ನಿಸುವುದಿಲ್ಲ. ಆದರೆ ಗಡಿಯಾರ ನಮ್ಮ ಕೈಯಲ್ಲೇ ಉಳಿಯುವುದಿಲ್ಲ. ಅದು ಮಗನಿಗೆ ಹೋಗುತ್ತದೆ, ಮಾರಾಟಕ್ಕೆ ಹೋಗುತ್ತದೆ. ಆಗ ಆ ಡಯಲ್ ಹೇಳುವ ಸುಳ್ಳನ್ನು ನಂಬಿ ಹಣ ಕೊಡುವವರು ಬೇರೊಬ್ಬರು.

ಮೂರನೆಯ ಆಕ್ಷೇಪ ನನಗೆ ಹೆಚ್ಚು ನೋವು ಕೊಡುವಂಥದ್ದು. ಕ್ವಾರ್ಟ್ಜ್ ಬಂತು, ಮೊಬೈಲ್ ಬಂತು, ಸಣ್ಣ ಊರಿನ ವಾಚ್ ರಿಪೇರಿಯವರ ಕೆಲಸ ಸೆಲ್ ಬದಲಿಸುವುದಕ್ಕೆ ಇಳಿಯಿತು. ಡಯಲ್ ಬದಲಿಸಿ ನಾಲ್ಕು ಕಾಸು ಸಂಪಾದಿಸಿದರೆ ತಪ್ಪೇ? ತಪ್ಪಿನ ಮೂಲ ಗಿರಾಕಿಗಳಾದ ನಮ್ಮಲ್ಲಿದೆ ಎಂಬುದು ನನ್ನ ಉತ್ತರ. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಅರ್ಧ ದಿನ ಕೂತು ಮೆಷಿನ್ ಬಿಚ್ಚಿ ತೊಳೆದು ಎಣ್ಣೆ ಹಾಕಿದ್ದಕ್ಕೆ ಹಣ ಕೇಳಿದರೆ ನಾವು ಚೌಕಾಸಿಗೆ ಇಳಿಯುತ್ತೇವೆ. ಹತ್ತು ನಿಮಿಷದಲ್ಲಿ ಡಯಲ್ ಬದಲಿಸಿ ಅಷ್ಟೇ ಕೇಳಿದರೆ ಹೊಳಪು ನೋಡಿ ಕೊಟ್ಟುಬಿಡುತ್ತೇವೆ. ಕೈಗೆಲಸದ ಬೆಲೆ ಕೊಡಲೊಲ್ಲದ ಊರಿನಲ್ಲಿ ಕೈಗೆಲಸ ಉಳಿಯಲಾರದು. ಸಾಗರದಲ್ಲೋ ತೀರ್ಥಹಳ್ಳಿಯಲ್ಲೋ ಪೂರ್ತಿ ಸರ್ವಿಸ್ ಬಲ್ಲ ಹಿರಿಯ ಕೈಗಳು ಎಲ್ಲಿವೆಯೋ ಅಲ್ಲಿಗೆ ಗಡಿಯಾರ ಒಯ್ದು, ಕೇಳಿದ ಕೂಲಿಯನ್ನು ಮನಸ್ಸು ಬಿಚ್ಚಿ ಕೊಡುವುದೇ ನಕಲಿ ಡಯಲಿನ ವ್ಯಾಪಾರಕ್ಕೆ ಸರಿಯಾದ ಎದುರಾಳಿ.

ರೋಲೆಕ್ಸ್, ಒಮೆಗಾ ಎಂಬ ಸ್ವಿಸ್ ಹೆಸರು ಹೊತ್ತ ನಕಲಿಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅಲ್ಲಿ ಮೊದಲಿನಿಂದ ಕೊನೆಯವರೆಗೆ ಅಸಲಿಯ ತುಣುಕೂ ಇರುವುದಿಲ್ಲ. ಒಂದು ವಿಷಯ ಮಾತ್ರ ಹೇಳಲೇಬೇಕು. ರೋಲೆಕ್ಸಿನಲ್ಲಿ ತಾರೀಖಿನ ಮೇಲಿನ ಮಸೂರ ಅಂಕಿಯನ್ನು ಎರಡೂವರೆ ಪಟ್ಟು ದೊಡ್ಡದಾಗಿ ತೋರಿಸುತ್ತದೆ, ಬಹಳಷ್ಟು ನಕಲಿಗಳಲ್ಲಿ ಅಷ್ಟು ದೊಡ್ಡದಾಗುವುದಿಲ್ಲ. ಈ ಕೊರತೆ ತುಂಬಲು ಬೇರೆ ಗ್ಲಾಸು ಹಾಕಿಸುವವರಿದ್ದಾರೆ, ಓರೆಯಾದ ಲಾಂಛನ ನೇರ ಮಾಡಿಸುವವರಿದ್ದಾರೆ. ಎಣ್ಣೆ ಹಾಕಿ ಓಡಿಸಿಕೊಡುವುದು ರಿಪೇರಿ. ನಕಲಿ ಎಂದು ತೋರಿಸಿಕೊಡುವ ಗುರುತುಗಳನ್ನು ಒಂದೊಂದಾಗಿ ಅಳಿಸಿಕೊಡುವುದು ಮೋಸಕ್ಕೆ ಕೈಜೋಡಿಸುವುದು. ಯಂತ್ರದ ದೋಷ ತಿದ್ದಿದರೆ ಕಟ್ಟಿಕೊಂಡವನಿಗೆ ಉಪಯೋಗ, ಹೆಸರಿನ ದೋಷ ಮುಚ್ಚಿದರೆ ಮುಂದೆ ಕೊಳ್ಳುವವನಿಗೆ ನಷ್ಟ. ರಿಪೇರಿಯವರು ಗೆರೆ ಎಳೆಯಬೇಕಾದದ್ದು ಈ ಎರಡರ ನಡುವೆ.

ಕಾನೂನು ಕೂಡ ಬಹುಮಟ್ಟಿಗೆ ಇದೇ ಗೆರೆಯನ್ನು ಎಳೆದಿದೆ. ಒಡೆಯನ ಒಪ್ಪಿಗೆಯಿಲ್ಲದೆ ಅವನ ಹೆಸರನ್ನು ಸರಕಿನ ಮೇಲೆ ಹಾಕುವುದಕ್ಕೆ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆ ಮತ್ತು 50,000 ರೂಪಾಯಿಯಿಂದ ಎರಡು ಲಕ್ಷದವರೆಗೆ ದಂಡ ಇದೆ. ಅಸಲಿ ವಸ್ತುವನ್ನು ಇದ್ದಂತೆ ಮತ್ತೆ ಮಾರುವುದಕ್ಕೆ ಅಡ್ಡಿಯಿಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಇನ್ನೂ ನೇರವಾಗಿದೆ: ಮತ್ತೆ ಕಟ್ಟಿದ, ನವೀಕರಿಸಿದ, ಬಳಸಿದ ವಸ್ತುವನ್ನು ಹೊಸದೆಂದು ತೋರಿಸುವುದು ಅನುಚಿತ ವ್ಯಾಪಾರ. ನವೀಕರಿಸಿದ್ದು ಎಂದು ಹೇಳಿ ಮಾರುವವರಿಗೆ ಈ ಮಾತಿನಿಂದ ಹೆದರಿಕೆಯೇನೂ ಇಲ್ಲ. ಮೋಸ ಹೋದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಅದಕ್ಕೆ ಕೈಯಲ್ಲಿ ಬಿಲ್ ಇರಬೇಕು.

ಆದ್ದರಿಂದ ತೀರ್ಥಹಳ್ಳಿ, ಹೊಸನಗರ, ಸಾಗರ ಈ ಮೂರೂ ತಾಲ್ಲೂಕಿನ ಕೇಳುಗರಲ್ಲಿ ನನ್ನ ಕೋರಿಕೆ ಇಷ್ಟು. ಹಳೆಯ ಗಡಿಯಾರವನ್ನು ರಿಪೇರಿಗೆ ಕೊಡುವಾಗ ಮೊದಲು ಮೆಷಿನ್ ಸರ್ವಿಸ್, ರಬ್ಬರ್ ಬಳೆ ಮತ್ತು ಕೀ ಕಡ್ಡಿಯ ಕೆಲಸ ಮಾಡಿಸಿ, ಡಯಲಿನ ಮಾತು ಆಮೇಲೆ ಇರಲಿ. ಯಾವ ಭಾಗ ಬದಲಾಯಿತೆಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ರಿಪೇರಿಯ ಸಹೋದರರೇ, ನೀವಾಗಿಯೇ ಅದನ್ನು ಬರೆದುಕೊಟ್ಟರೆ ನಿಮ್ಮ ಅಂಗಡಿಯ ಹೆಸರಿಗೆ ಅದಕ್ಕಿಂತ ದೊಡ್ಡ ಬೋರ್ಡು ಬೇಕಿಲ್ಲ. ಯಾವ ಕಾರಣಕ್ಕಾಗಿಯೋ ಡಯಲ್ ಬದಲಿಸಲೇಬೇಕಾಗಿ ಬಂದರೆ ಬಿಚ್ಚಿದ ಹಳೆಯ ಡಯಲನ್ನು ಅಂಗಡಿಯಲ್ಲೇ ಬಿಟ್ಟು ಬರಬೇಡಿ. ಒಂದು ಪುಟ್ಟ ಕಾಗದದ ಪೊಟ್ಟಣದಲ್ಲಿ ಕೇಳಿ ಪಡೆದುಕೊಳ್ಳಿ, ಗಡಿಯಾರದ ಜೊತೆಯಲ್ಲೇ ಒಣ ಜಾಗದಲ್ಲಿ ಇಡಿ. ಅಂಥ ಹಳೆಯ ಡಯಲ್ ಮತ್ತೆ ಹುಟ್ಟುವುದಿಲ್ಲ.